ಐದು ಮನೆಯ ಹೂಂ

ಮೂರನೆಯ ದೊಡ್ಡ ಬಿಸಿ ಕಳೆದ ಮೇಲಿನ ಎಪ್ಪತ್ತನೆಯ ಮುಚ್ಚುಗೆ,
ಹದಿನಾಲ್ಕನೆಯ ತಿಂಗಳು, ನೀರು ತಿಳಿಯಾದ ದಿನ.
ಬೀದರದ ಕೆಂಪುಕಲ್ಲಿನ ಕೆಳಗಿನಿಂದ.

ನಾನು ಹುಟ್ಟುವ ಬಹಳ ಮೊದಲೇ ಬಂದು ಹೋದ ಹಿರಿಯರಿಗೆ ಕೇಳುಗಿತ್ತಿ ರಾಚವ್ವನ ಶರಣು.

ಮೇಲಿನ ತಾರೀಖು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ನಮಗೆ ಹದಿನಾಲ್ಕು ತಿಂಗಳು ಏಕಾದವು ಎಂದು ಹೇಳಹೊರಟರೆ ಕಾಗದವೆಲ್ಲ ಅದಕ್ಕೇ ತೀರುತ್ತದೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ಕಲ್ಲು ಕಡಿದಂತೆ ಆಗಬಹುದು, ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನನ್ನ ಆಯಿಯ, ಎಂದರೆ ಅಜ್ಜಿಯ, ಕಥೆಗಳಿಂದ. ಅವಳು ಕಥೆ ಹೇಳುವಾಗ ಕೇಳುವವರು ಹೂಂಗುಟ್ಟುತ್ತಿರಬೇಕಿತ್ತು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ರಾಜಕುಮಾರಿಯನ್ನು ಬಾವಿಯೊಳಗೆ ಇಳಿಬಿಟ್ಟು, ಹಗ್ಗ ಹಿಡಿದುಕೊಂಡೇ, ನಮ್ಮ ಹೂಂ ಬರುವವರೆಗೂ ಆಯಿ ಸುಮ್ಮನೆ ಕೂತಿರುತ್ತಿದ್ದಳು. ಹಾಗೆ ಕಾಯುವುದನ್ನು ಕಲಿತವಳೆಂದೇ ನಮ್ಮ ಜನ ನನ್ನನ್ನು ಕೇಳುಗಿತ್ತಿಯನ್ನಾಗಿ ಮಾಡಿದರು. ಅದೇನು ಕೆಲಸ ಎಂಬುದನ್ನು ಮುಂದೆ ಹೇಳುತ್ತೇನೆ.

ನಾವು ನೆಲದೊಳಗೆ ಇಳಿದು ಬದುಕುವವರು. ನಿಮಗಿಂತಲೂ ಎಷ್ಟೋ ಹಿಂದೆ ಯಾರೋ ಪುಣ್ಯಾತ್ಮರು ಈ ಕೆಂಪುಕಲ್ಲಿನೊಳಗೆ ನೀರಿಗಾಗಿ ಸುರಂಗ ಕೊರೆದು, ಗಾಳಿ ಬೆಳಕಿಗೆಂದು ಅಲ್ಲಲ್ಲಿ ಮೇಲಿನಿಂದ ಬಾವಿ ತೋಡಿದ್ದರು. ನಿಮ್ಮವರು ಅದನ್ನು ನೋಡಿಹೋಗಲು ಬರುತ್ತಿದ್ದರಂತೆ. ನಾವು ಅದನ್ನೇ ಇನ್ನಷ್ಟು ಅಗಲ ಮಾಡಿ ಅದರಲ್ಲಿ ಮಕ್ಕಳನ್ನು ಹೆತ್ತೆವು. ವರ್ಷದ ಬಹುಪಾಲು ನಾವೂ ಮೇಲೆಯೇ ಇರುತ್ತೇವೆ, ಜೋಳ ಬಿತ್ತುತ್ತೇವೆ, ಪುಂಡಿಸೊಪ್ಪು ಒಣಗಿಸಿ ಇಟ್ಟುಕೊಳ್ಳುತ್ತೇವೆ, ಮದುವೆ ಮಾಡುತ್ತೇವೆ, ಜಗಳ ಆಡುತ್ತೇವೆ. ಬಿಸಿಯ ತಿಂಗಳುಗಳಲ್ಲಿ ಮಾತ್ರ ಮೇಲೆ ನಿಂತವರು ಜೀವಂತ ಮಧ್ಯಾಹ್ನ ದಾಟುವುದಿಲ್ಲ. ನೆರಳಿನಲ್ಲಿ ನಿಂತರೂ ದಾಟುವುದಿಲ್ಲ, ಗಾಳಿಯೇ ಸುಡುತ್ತದೆ. ಆಗ ಎಲ್ಲರೂ ಕೆಳಗಿಳಿದು ದೊಡ್ಡ ಬಾಗಿಲು ಹಾಕಿಕೊಳ್ಳುತ್ತೇವೆ. ಆ ಕಾಲಕ್ಕೆ ಮುಚ್ಚುಗೆ ಎಂದು ಹೆಸರು. ಹಳೆಯ ಗಾಳಿಬಾವಿಗಳನ್ನು ಉಸಿರುಬಾವಿ ಎನ್ನುತ್ತೇವೆ. ಅವುಗಳ ಬಾಯಿಗೆ ಬೆರಳು ಮಾತ್ರ ತೂರುವಂಥ ಕಬ್ಬಿಣದ ಜಾಳಿಗೆ ಇದೆ. ಅಲ್ಲಿಂದ ಇಳಿಯುವ ಬೆಳಕನ್ನು ಹೆಂಗಸರು ಕನ್ನಡಿ ಹಿಡಿದು ಒಬ್ಬರಿಂದೊಬ್ಬರಿಗೆ ದಾಟಿಸಿ ಅಡಿಗೆಮನೆಯ ತನಕ ಒಯ್ಯುತ್ತಾರೆ. ನಮ್ಮ ಗಡಿಯಾರವೂ ಅದೇ. ಹೊತ್ತು ಏರಿದಂತೆ ಬಿಸಿಲು ಬಾವಿಯ ಗೋಡೆಯ ಮೇಲೆ ಇಳಿಯುತ್ತ ಬರುತ್ತದೆ. ತಳದಲ್ಲಿ ಒಂದು ಕರಿಗಲ್ಲು ಇಟ್ಟಿದ್ದೇವೆ. ಬಿಸಿಲು ಅದನ್ನು ಮುಟ್ಟಿತೆಂದರೆ ಮಧ್ಯಾಹ್ನ. ಆಗ ನಾವು ಕನ್ನಡಿ ಮಡಚಿ, ಮಾತು ನಿಲ್ಲಿಸಿ, ಮೇಲಿರುವ ಹಕ್ಕಿಪಕ್ಕಿಗಳಿಗಾಗಿ ಒಂದು ಗಳಿಗೆ ಸುಮ್ಮನಿರುತ್ತೇವೆ.

ಕೆಳಗಿಳಿದವರು ಐದು ಮನೆಯವರು. ಮನೆ ಎಂದರೆ ಗೋಡೆ ಛಾವಣಿ ಅಲ್ಲ. ಮೊದಲ ದೊಡ್ಡ ಬಿಸಿಯಲ್ಲಿ ಜನ ಎಲ್ಲೆಲ್ಲಿ ಗುಂಪುಗೂಡಿದ್ದರೋ ಅದರ ಹೆಸರನ್ನೇ ಕೆಳಗೂ ತಂದರು: ಮಠದ ಮನೆ, ಮಸೀದಿಯ ಜಮಾತಿನ ಮನೆ, ಗುರುದ್ವಾರದ ಮನೆ, ಚರ್ಚಿನ ಮನೆ, ಮತ್ತು ಊರ ದೇವಿಯ ಒಕ್ಕಲಿನವರದು ಅವ್ವನ ಮನೆ. ನಾನು ಹುಟ್ಟಿದ್ದು ಮಠದ ಮನೆಯಲ್ಲಿ. ಮುಚ್ಚುಗೆಯಲ್ಲಿ ಹೊರಗಿನಿಂದ ಯಾರಾದರೂ ಬಂದು ಬಾಗಿಲು ಬಡಿದರೆ ಐದೂ ಮನೆ ಹೂಂ ಎನ್ನದೆ ತೆಗೆಯುವಂತಿಲ್ಲ. ಮನೆಮನೆಗೆ ಹೋಗಿ ಆ ಹೂಂ ಕೇಳಿ ತರುವವಳೇ ಕೇಳುಗಿತ್ತಿ. ಕೇಳಲು ಹೊರಟಾಗ ಹೆಗಲ ಮೇಲೆ ಬಣ್ಣವಿಲ್ಲದ ಒಂದು ವಸ್ತ್ರ ಹಾಕಿಕೊಳ್ಳಬೇಕು. ಅದು ಹೆಗಲ ಮೇಲಿರುವಷ್ಟು ಹೊತ್ತು ನಾನು ಯಾವ ಮನೆಯವಳೂ ಅಲ್ಲ, ಯಾರ ಮಗಳೂ ಅಲ್ಲ, ಯಾರ ತಾಯಿಯೂ ಅಲ್ಲ.

ಮೊದಲು ಒಂದೊಂದು ಮನೆ ತನಗೆ ತಿಳಿದ ಹಾಗೆ ಕೂತು ಮಾತಾಡಿ ಹೂಂ ಕಳಿಸುತ್ತಿತ್ತು. ಒಂದು ಸಲ ಹಾಗೆ ಬಾಗಿಲು ತೆರೆದಾಗ ಒಳಬಂದವರ ಜೊತೆ ಸುಡುಜ್ವರವೂ ಬಂತು. ಬಾಗಿಲಿಗೆ ಹತ್ತಿರವಿದ್ದ ಮಠದ ಮನೆಯಲ್ಲಿ ಒಲೆ ಹೊತ್ತಿಸಲಿಕ್ಕೂ ಜನ ಉಳಿಯದ ಹಾಗಾಯಿತು. ಯಾರು ಹೂಂ ಅಂದರು ಎಂದು ಎಲ್ಲರೂ ಎಲ್ಲರನ್ನೂ ಕೇಳಿದರು. ಬೈಯಲು ಒಂದು ಮುಖ ಬೇಕಾಗಿತ್ತು, ಸಿಗಲಿಲ್ಲ. ಐದು ಮನೆಯವರೂ ಸೇರುವ ಸಭೆಗೆ ಕೂಡು ಎನ್ನುತ್ತೇವೆ. ಅದರ ಲೆಕ್ಕಪತ್ರ ಬರೆಯುವ ಮುನಶಿ ವೈಜಿನಾಥ, ಕೆಟ್ಟ ಮನುಷ್ಯನಲ್ಲ, ಅಚ್ಚುಕಟ್ಟು ಬಯಸುವವನು, ಎದ್ದು ನಿಂತು ಹೇಳಿದ:

"ಮಠಕ್ಕ ಅಪ್ಪಗೋಳು ಅದಾರ. ಒಂದ್ ಮಾತ್ ಕೇಳಿದ್ರ ಒಂದ್ ಮಾತ್ ಬರ್ತದ. ಉಳದ ಮನಿಗೋಳಿಗೂ ಹಾಂಗೇ ಒಬ್ಬೊಬ್ಬ ಯಜಮಾನ ಇರ್ಲಿ. ಐದ್ ಮನಿ, ಐದ್ ಯಜಮಾನ, ಬಾಗಲಕ್ಕ ಐದ್ ಕೀಲಿ. ಕೆಲಸ ಮುಗೀತು."

ಕೇಳಲು ಎಷ್ಟು ಸಲೀಸಾಗಿತ್ತು ನೋಡಿ. ಎಲ್ಲರೂ ತಲೆ ಆಡಿಸಿದರು. ಮಸೀದಿಯ ಇಮಾಮ ಲಾಡ್ಲೇಸಾಬರು ಮಾತ್ರ ಗಡ್ಡ ಕೆರೆದುಕೊಂಡು, "ಮುನಶಿಗೋಳೆ, ನಾ ನಮಾಜಿಗಿ ಮುಂದ ನಿಲ್ಲಾಂವ. ಮುಂದ ನಿಂತಾಂವ ಮ್ಯಾಲ ಕುಂತಂಗ ಆಗಲ್ರಿ" ಎಂದರು. ಮುನಶಿ ನಕ್ಕು, "ಹಿಡೀರಿ ಚಾಚಾ, ಕೀಲಿ ಏನ್ ಅಷ್ಟ್ ಭಾರ ಇಲ್ಲ" ಎಂದ. ಕೂಡೆಲ್ಲ ನಕ್ಕಿತು. ಹೀಗೆ ಗುರುದ್ವಾರದ ಕೀಲಿ ಅಲ್ಲಿ ಗ್ರಂಥ ಓದುವ ಗ್ರಂಥಿ ಜೋಗಾ ಸಿಂಗರಿಗೆ, ಚರ್ಚಿನದು ಪಾಸ್ಟರ್ ಸುಗಂಧಪ್ಪನಿಗೆ, ಅವ್ವನ ಮನೆಯದು ಪೂಜಾರಿ ಝರೆಪ್ಪನಿಗೆ ಹೋಯಿತು. ಅಲ್ಲಿಯವರೆಗೆ ಮಠದ ಸ್ವಾಮಿಗಳಾದ ಸಿದ್ಧಮಲ್ಲ ಅಪ್ಪಗಳು ಕೂಡ ದೊಡ್ಡ ಮಾತು ಬಂದರೆ ಭಕ್ತರಲ್ಲಿ ಹಿರಿಯರನ್ನು ಕೂಡಿಸಿ ಕೇಳುತ್ತಿದ್ದರು. ಕೀಲಿ ಬಂದ ಮೇಲೆ ಅದೂ ನಿಂತಿತು. ಯಜಮಾನ ಎಂದ ಮೇಲೆ ಮತ್ತೊಬ್ಬರನ್ನು ಕೇಳುವುದು ಹೇಗೆ? ಆಮೇಲೆ ಕೆಲವು ಮುಚ್ಚುಗೆಗಳು ಯಾರೂ ಬಾಗಿಲು ಬಡಿಯದೆ ಕಳೆದವು. ನಿಯಮ ಬಹಳ ಚೆನ್ನಾಗಿದೆ ಎಂದು ನಾವು ಅಂದುಕೊಂಡೆವು.

ಮತ್ತೆ ಬಾಗಿಲು ಬಡಿದ ದಿನದ ಕಥೆಯನ್ನೇ ಈಗ ಹೇಳಬೇಕಾಗಿರುವುದು.

ಬೆಳಗಿನ ರೊಟ್ಟಿಯ ಹೊತ್ತು. ಬಿಸಿಲು ಬಾವಿಯ ಗೋಡೆಯಲ್ಲಿ ಇನ್ನೂ ಮೇಲಿತ್ತು. ನಾನು ಕನ್ನಡಿ ಒರೆಸುತ್ತಿದ್ದೆ. ಜಾಳಿಗೆಯಿಂದ ಒಂದು ದನಿ ಇಳಿದು ಬಂತು: "ಯವ್ವಾ!"

ಸುರಂಗದಲ್ಲಿ ಯವ್ವಾ ಎಂದರೆ ಹತ್ತು ಹೆಂಗಸರು ತಿರುಗಿ ನೋಡುತ್ತಾರೆ. ಆ ದಿನ ನಾನೊಬ್ಬಳೇ ನೋಡಿದೆ. ಅದು ನನ್ನ ಮಗಳು ಪುತಳಾ. ಅವಳನ್ನು ಕಾರಂಜಾ ಹೊಳೆಯ ದಂಡೆಯ ಸುರಂಗದ ಧೂಳಪ್ಪನಿಗೆ ಮದುವೆ ಮಾಡಿ ಕೊಟ್ಟಿದ್ದೆ.

"ಯವ್ವಾ, ನಮ್ ಸುರಂಗ ಕುಸದದ. ಉಳದವ್ರು ಒಂಬತ್ತ್ ಮಂದಿ ಬಂದೀವಿ. ಧೂಳಪ್ಪ ಅದಾನ, ಕೂಸ್ ಅದ. ಬಾಗಲ್ ತೆರೀರಿ."

ನನ್ನ ಬಾಯಿಂದ ಹೊರಟದ್ದು ತಾಯಿಯ ಮಾತಲ್ಲ, ಕೇಳುಗಿತ್ತಿಯ ಮಾತು: "ಜ್ವರ ಅದೇನ ಯಾರಿಗಾರ?"

ಇಲ್ಲ ಅನ್ನು, ಇಲ್ಲ ಅಂದುಬಿಡು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಅವಳು ನನ್ನ ಮಗಳು, ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲ ಯವ್ವಾ. ನಡದ್ ನಡದ್ ಎಲ್ಲಾರ ಮೈನೂ ಸುಡ್ಲತ್ತದ." ಸುತ್ತ ನಿಂತವರೆಲ್ಲ ಆ ಮಾತು ಕೇಳಿದರು. ನಾನು ವಸ್ತ್ರವನ್ನು ಹೆಗಲಿಗೆ ಹಾಕಿಕೊಂಡೆ.

ಮೊದಲು ಹೋದದ್ದು ಮಠದ ಮನೆಗೆ. ಹತ್ತಿರವೆಂದು ಹೋದೆ, ನನ್ನ ಮನೆಯೆಂದೂ ಹೋದೆ. ಅಪ್ಪಗಳು ಪೂಜೆ ಮುಗಿಸಿ ಗದ್ದುಗೆಯ ಮೇಲೆ ಕೂತಿದ್ದರು. ನನಗೆ ಹೆಸರಿಟ್ಟವರು ಅವರೇ, ಪುತಳಾಳ ಮದುವೆಗೆ ಅಕ್ಷತೆ ಹಾಕಿದವರೂ ಅವರೇ.

"ಎಷ್ಟ್ ಮಂದಿ, ತಾಯಿ?"

"ಒಂಬತ್ತು, ಅಪ್ಪಾರ."

"ಜ್ವರ?"

"ಗೊತ್ತಿಲ್ಲಂತಾರ."

ಅವರು ಕಣ್ಣು ಮುಚ್ಚಿದರು. ಹೋದ ಸಲ ಸತ್ತವರೆಲ್ಲರಿಗೂ ಅವರೇ ನಿಂತು ಮಣ್ಣು ಕೊಟ್ಟಿದ್ದರು. ಆಮೇಲೆ ಕಣ್ಣು ತೆರೆದು, "ಬ್ಯಾಡ" ಎಂದರು.

ಅಷ್ಟೇ. ಮುನಶಿ ಹೇಳಿದ್ದು ಸುಳ್ಳಲ್ಲ, ಒಂದು ಮಾತು ಕೇಳಿದರೆ ಒಂದೇ ಮಾತು ಬಂತು. ಸುತ್ತ ಕೂತ ಭಕ್ತರಲ್ಲಿ ಯಾರೂ ತಲೆ ಎತ್ತಲಿಲ್ಲ. ಮಠದಲ್ಲಿ ಗುರುವಿನ ಮಾತಿನ ಮೇಲೆ ಇನ್ನೊಂದು ಮೆಟ್ಟಿಲಿಲ್ಲ. ಹಿಂದಿನ ಗುರುಗಳು ಕೈಹಿಡಿದು ಕೂರಿಸಿದವರು, ಜನ ಒಪ್ಪಿ ಕಾಲಿಗೆರಗಿದವರು. ಅವರಿಗೆ ಎದುರು ಹೇಳುವವರು ಎಲ್ಲಿಂದ ಬರಬೇಕು? ನಿಯಮದಲ್ಲಿ ಒಂದೇ ಒಂದು ಸಂದಿ ಇತ್ತು. ಉಳಿದ ನಾಲ್ಕೂ ಮನೆ ಹೂಂ ಎಂದರೆ, ಬೇಡವೆಂದ ಮನೆಯನ್ನು ಇನ್ನೊಮ್ಮೆ ಕೇಳಬಹುದು. ನಾನು ಆ ಸಂದಿಯಲ್ಲಿ ತೂರಿ ಓಡಿದೆ. ಉಸಿರುಬಾವಿ ದಾಟುವಾಗ ನೋಡಿದೆ, ಬಿಸಿಲು ಒಂದಾಳು ಇಳಿದಿತ್ತು.

ಲಾಡ್ಲೇಸಾಬರು ಜೇಬಿನಿಂದ ಕೀಲಿ ತೆಗೆದು ಚಾಪೆಯ ಮೇಲಿಟ್ಟರು. "ರಾಚವ್ವಕ್ಕಾ, ಇದನ್ನ ತಿರುವಂತ ನನಗ ಯಾರ್ ಹೇಳ್ಯಾರ? ಮುನಶಿ ಹೇಳ್ಯಾನ. ಮುನಶಿ ನಮ್ಮ ಜಮಾತೇನು? ನಾ ತಪ್ಪ್ ಓದಿದ್ರ ಹಿಂದ ನಿಂತ ಪೋರನೂ ನನ್ನ ತಿದ್ದತಾನ. ಅಂಥಾದ್ರಾಗ ಇಷ್ಟ್ ಮಂದಿ ಜೀವ ನಾ ಒಬ್ಬಾಂವ ಹ್ಯಾಂಗ ತೂಗ್ಲಿ? ಮಂದಿ ಕೂಡ್ಲಿ."

ಮಂದಿ ಕೂಡಲಿ! ಜಮಾತಿನ ಗಂಡಸರೆಲ್ಲ ಕೆಳಸುರಂಗದಲ್ಲಿ ಹೂಳು ಎತ್ತುತ್ತಿದ್ದರು. ಅವರನ್ನು ಕರೆಯಲು ತಗಡು ಬಡಿದರು, ಒಬ್ಬರನ್ನೊಬ್ಬರು ಕೂಗಿದರು. ಮೊಣಕಾಲುದ್ದ ಕೆಸರು ಮೆತ್ತಿಕೊಂಡು ಒಬ್ಬೊಬ್ಬರೇ ಬಂದು, ಕೈಕಾಲು ತೊಳೆದು, ಸಾಲಾಗಿ ಕೂತರು. ಕೈ ತೊಳೆಯುವ ನೀರಿನ ಸದ್ದು ಕೇಳುತ್ತ ನಾನು ಹಲ್ಲು ಕಚ್ಚಿ ನಿಂತಿದ್ದೆ. ಕೂತವರೆಲ್ಲರ ಮಾತು ಒಂದೇ ಆಗಿರಲಿಲ್ಲ. ಒಬ್ಬ ಹುಡುಗ ಎದ್ದು, "ಹೋದ್ ಸಲ ನನ್ ತಮ್ಮ ಹೋದ. ಅವನ್ ಜವಾಬ್ ಯಾರ್ ಕೊಟ್ರಿ?" ಎಂದ. ಒಬ್ಬ ಮುದುಕ, "ಹೊರಗಿನವ್ರನ್ನ ಒಳಗ ತಗೋರಿ, ಒಳಗಿನ ಜಗಳ ಆಮ್ಯಾಲ ಆಡ್ರಿ" ಎಂದ. ಇಮಾಮರು ಎಲ್ಲರ ಮಾತೂ ಕೇಳಿದರು, ತಮ್ಮದು ಹೇಳಲಿಲ್ಲ. ಕೊನೆಗೆ ಹೆಂಗಸರ ಪರದೆಯ ಹಿಂದಿನಿಂದ ಮೌಲಾನ್‌ಬಿ ಎಂಬ ಮುದುಕಿಯ ದನಿ ಬಂತು:

"ನಮ್ಮ ಉಗ್ರಾಣದ ಗವಿ ಖಾಲಿ ಅದ. ಬಂದವ್ರನ್ನ ಅಲ್ಲಿ ಬ್ಯಾರೆ ಇಡ್ರಿ. ನಾ ಅವ್ರ ಜೋಡಿ ಇರ್ತೀನಿ, ಹೊರಗ ಬರಂಗಿಲ್ಲ. ಜ್ವರ ಬಂದ್ರ ಬರ್ಲಿ, ನನಗೇನ್ ಇನ್ನ ಹೊಸಾ ಹಲ್ಲ್ ಹುಟ್ಟೂದದ?"

ಯಾರೋ ನಕ್ಕರು. ತಮ್ಮನನ್ನು ಕಳೆದುಕೊಂಡ ಹುಡುಗ ನಗಲಿಲ್ಲ, ಆದರೆ ಮುಂದೆ ಬಂದು, "ಮುದುಕಿ ಒಬ್ಬಾಕಿನೇ ಯಾಕ, ನೀರ್ ಹೊರಾಕ ನಾ ಹೋಗ್ತೀನಿ" ಎಂದ. ಅಲ್ಲಿಗೆ ಮುಗಿಯಿತು. ಇಮಾಮರು ಚಾಪೆಯಿಂದ ಕೀಲಿ ಎತ್ತಿಕೊಂಡು, "ಈಗ ಇದು ನನ್ ಕೈಯಾಗ ಅದ" ಎಂದರು. ಬಿಸಿಲು ಗೋಡೆಯ ನಡುವಿಗೆ ಬಂದಿತ್ತು. ಮೇಲಿನಿಂದ ಕೂಸು ಅಳುವುದು ಕೇಳಿಸುತ್ತಿತ್ತು.

ಗುರುದ್ವಾರದಲ್ಲಿ ಜೋಗಾ ಸಿಂಗರು ಕೀಲಿಯನ್ನು ಮುಟ್ಟಲೇ ಇಲ್ಲ. ಅದು ಮೊಳೆಗೆ ತೂಗುಹಾಕಿದ್ದು ಹಾಗೇ ಧೂಳು ಹಿಡಿದಿತ್ತು. ಮಂಚದ ಮೇಲೆ ರೇಷ್ಮೆ ಹೊದ್ದು ಮಲಗಿದ್ದ ದೊಡ್ಡ ಗ್ರಂಥವನ್ನು ತೋರಿಸಿ, "ಗುರು ಅಲ್ಲಿ ಅದಾರ ಅಕ್ಕಾ. ನಾ ಓದಾಂವ, ಚಾಮರ ಬೀಸಾಂವ" ಎಂದರು. ಅಯ್ಯೋ, ಇಲ್ಲೂ ತಗಡು ಬಡಿಯಬೇಕೇನೋ ಅಂದುಕೊಂಡೆ. ಹಾಗಾಗಲಿಲ್ಲ. ಅಲ್ಲಿದ್ದ ಜನರ ನಡುವಿನಿಂದಲೇ ಐದು ಮಂದಿ ಎದ್ದು ಗ್ರಂಥದ ಮುಂದೆ ನಿಂತರು. ಅವರಲ್ಲಿ ಇಬ್ಬರು ಹೆಂಗಸರು, ಒಬ್ಬ ಚಮ್ಮಾರಿಕೆ ಮಾಡುವವನು. ಅರಿಕೆ ಮಾಡಿಕೊಂಡರು, ಪುಟ ತೆರೆದು ಓದಿಸಿಕೊಂಡರು, ತಮ್ಮತಮ್ಮಲ್ಲಿ ನಾಲ್ಕು ಮಾತಾಡಿದರು, ಒಪ್ಪಿದರು. ಆ ಐದು ಜನ ಎದ್ದು ನಿಂತರೆ ಅದು ಇಡೀ ಮನೆ ನಿಂತ ಹಾಗೆ. ಆ ಮಾತು ನಮ್ಮ ಕೂಡಿಗೆ ಯಾಕೆ ಗೊತ್ತಿರಲಿಲ್ಲ? ಯಾರೂ ಕೇಳಿರಲಿಲ್ಲ. ಹೊರಡುವಾಗ ಜೋಗಾ ಸಿಂಗರು, "ಅಡಿಗಿಮನ್ಯಾಗ ಆಗ್ಲೇ ಒಂಬತ್ತ್ ಮಂದಿ ಹಿಟ್ಟು ಜಾಸ್ತಿ ನಾದ್ಯಾರ. ಅವ್ರು ನಮಗಿಂತ ಮೊದಲ ಹೂಂ ಅಂದಾರ" ಎಂದರು.

ಪಾಸ್ಟರ್ ಸುಗಂಧಪ್ಪ ಚರ್ಚಿನ ಬಾಗಿಲಲ್ಲೇ ನಿಂತು ನನಗಾಗಿ ಕಾಯುತ್ತಿದ್ದ. ಕೀಲಿಯನ್ನು ಕೈಯಲ್ಲಿ ಹಿಡಿದೇ ಇದ್ದ. ಅವನ ಮನೆಯ ರೀತಿಯೇ ಬೇರೆ. ಅಧಿಕಾರ ಮೇಲಿನಿಂದ ಇಳಿದು ಬರುತ್ತದೆ. ಎಲ್ಲೋ ದೂರದ ಸುರಂಗದಲ್ಲಿರುವ ಬಿಷಪ್ಪರು ಇವನನ್ನು ಇಲ್ಲಿಗೆ ನೇಮಿಸಿದವರು. ನಾಳೆ ಬೇರೆಡೆಗೆ ಕಳಿಸಿದರೆ ಇವನು ಹಾಸಿಗೆ ಸುತ್ತಿಕೊಂಡು ಹೋಗಬೇಕು. ಚರ್ಚಿನ ಜನರ ಜೀವದ ಮಾತಿಗೆ ಅವರ ಅಪ್ಪಣೆ ಬೇಕೆಂಬುದು ಕಟ್ಟಳೆ. ಮುಚ್ಚುಗೆಯಲ್ಲಿ ಸುದ್ದಿ ಹೋಗುವ ದಾರಿಯೇ ಇಲ್ಲ.

"ನಾ ಕಳಿಸಿದ ಆಳು, ರಾಚವ್ವಾ" ಎಂದ. "ಕಳಿಸಿದವ್ರು ದೂರ ಅದಾರ. ಸಭೀದ್ ಹಿರಿಯರನ್ನ ಕೇಳೀನಿ, ಅವ್ರು ಹೂಂ ಅಂದಾರ. ಬಾಗಲ್ ತೆಗದ್ ಮ್ಯಾಲ ಬಿಷಪ್ಪರಿಗಿ ಉತ್ತರ ನಾ ಕೊಡ್ತೀನಿ. ಕೆಲಸದಿಂದ ಇಳಿಸಿದ್ರ ಇಳಸ್ಲಿ." ಆಮೇಲೆ ದನಿ ತಗ್ಗಿಸಿ, "ಪುತಳಾ ನಮ್ ಮನಿ ಹುಡುಗ್ಯಾರ ಜೋಡಿ ಆಡಿ ಬೆಳದಾಕಿ" ಎಂದ. ನಾನು ವಸ್ತ್ರ ತೋರಿಸಿ ಅವನ ಬಾಯಿ ಮುಚ್ಚಿಸಿದೆ. ಇನ್ನೊಂದು ಮಾತು ಹೆಚ್ಚು ಆಡಿದ್ದರೆ ನಾನು ಅಲ್ಲೇ ಕೂತುಬಿಡುತ್ತಿದ್ದೆ.

ಅವ್ವನ ಮನೆಗೆ ಬಂದಾಗ ಮೇಲಿನ ಕೂಸಿನ ಅಳು ನಿಂತಿತ್ತು. ಅಳುವುದಕ್ಕಿಂತ ನಿಂತದ್ದು ಹೆಚ್ಚು ಕೇಳಿಸುತ್ತಿತ್ತು.

ಝರೆಪ್ಪ ವಂಶದಿಂದ ಪೂಜಾರಿ. ಅವನ ಅಪ್ಪ, ಅವನ ಮುತ್ಯಾ ಎಲ್ಲರೂ ಅವ್ವನಿಗೆ ದೀಪ ಹಚ್ಚಿದವರೇ. ಆದರೆ ದೀಪ ಹಚ್ಚುವುದು ಅವನ ಹಕ್ಕು, ಮಾತು ಅವ್ವನ ಹಕ್ಕು. ಅವ್ವ ಯಾರದಾದರೂ ಮೈಮೇಲೆ ಬಂದು ಹೇಳಿದ್ದನ್ನೇ ಆ ಮನೆ ನಡೆಸುತ್ತದೆ. "ಕೀಲಿ ನನ್ ಸೊಂಟದಾಗ ಅದ, ಮಾತ್ ನನ್ ಬಾಯಾಗ ಇಲ್ಲ. ನಾ ತಿರುವಿದ್ರ ನಮ್ ಮಂದಿ ನನ್ ಕೈ ಕಡಿತಾರ, ಕಡೀಲಿಕ್ಕೂ ಬೇಕು" ಎಂದ. ಅವ್ವ ಹೆಚ್ಚಾಗಿ ಬರುವುದು ತುಕ್ಕವ್ವ ಎಂಬವಳ ಮೇಲೆ. ಅವಳನ್ನು ಕರೆತಂದು ಕೂರಿಸಿದರು. ಹಲಗೆ ಬಡಿದರು, ಲೋಬಾನ ಹಾಕಿದರು. ತುಕ್ಕವ್ವ ಕೂತೇ ಇದ್ದಳು. ಹಲಗೆ ಇನ್ನೂ ಜೋರಾಯಿತು. ಅವಳು ಕಣ್ಣು ತೆರೆದು, "ಬರಲಿಲ್ಲೇ ಯವ್ವಾ, ನಾ ಏನ್ ಮಾಡ್ಲಿ" ಎಂದು ಅತ್ತಳು. ಕರೆದಾಗ ಬರುವುದಾದರೆ ಅವಳು ಅವ್ವ ಹೇಗಾದಾಳು? ನನಗದು ಗೊತ್ತು. ಗೊತ್ತಿದ್ದೂ ಆ ಹೊಗೆಯೊಳಗೆ ನಿಂತು, ಮಗಳಿಗೆ ಜೀವ ಕೊಡುವ ಒಂದು ಮಾತು ಯಾರ ಬಾಯಿಂದ ಬಂದೀತು ಎಂದು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದೆ.

ಆಗ ಹಿಂದಿನಿಂದ ಹಿಟ್ಟಿನ ಪರಾತ ಬಿದ್ದ ಸದ್ದಾಯಿತು. ಝರೆಪ್ಪನ ಸೊಸೆ, ಮದುವೆಯಾಗಿ ಬಂದು ಇನ್ನೂ ಮಾವನೆದುರು ದನಿ ಎತ್ತದವಳು, ಹಿಟ್ಟಿನ ಕೈಯಲ್ಲೇ ತಲೆಗೂದಲು ಬಿಚ್ಚಿಕೊಂಡು ನಡುಗುತ್ತ ಬಂದಳು. ಮಾವನ ಎದುರು ನಿಂತು ಗುಡುಗಿದಳು:

"ನನ್ ಮಕ್ಕಳ್ನ ಹೊರಗ ಹುರೀಲಿಕ್ಕ ಹಾಕಿ ಒಳಗ ನನಗ ಹಲಗಿ ಬಡೀತಿರೇನೋ ಹೇಡಿಗೋಳ್ರಾ! ತೆಗಿ!"

ಝರೆಪ್ಪ ಸೊಸೆಯ ಕಾಲಿಗೆ ಬಿದ್ದು, ಎದ್ದು, ಬಾಗಿಲ ಕಡೆ ಓಡಿದ.

ನಾಲ್ಕು ಹೂಂ ಆದವು. ನಾನು ಮತ್ತೆ ಗದ್ದುಗೆಯ ಮುಂದೆ ನಿಂತೆ. ಬಿಸಿಲಿಗೂ ಕರಿಗಲ್ಲಿಗೂ ಒಂದು ಮೊಳ ಉಳಿದಿತ್ತು.

"ನಾಕೂ ಮನಿ ಹೂಂ ಅಂದಾವ, ಅಪ್ಪಾರ. ಎರಡನೇ ಸಲ ಕೇಳ್ತೀನಿ."

ಅಪ್ಪಗಳು ಕೇಳಿದ್ದು ನಾನು ನಿರೀಕ್ಷಿಸಿದ ಮಾತಲ್ಲ. "ಲಾಡ್ಲೇಸಾಬ ಒಬ್ಬಾಂವನೇ ಹ್ಯಾಂಗ ಹೂಂ ಅಂದ? ಅವಂಗ ಹೆದರಿಕಿ ಆಗಲಿಲ್ಲೇನು?"

"ಅವ್ರು ಅನ್ನಲಿಲ್ಲ ಅಪ್ಪಾರ. ಅವ್ರ ಮಂದಿ ಎಲ್ಲಾ ಕೂಡಿ ಅಂದ್ರು. ಹೆದರಿಕಿನೂ ಎಲ್ಲಾರೂ ಕೂಡೇ ಹಂಚ್ಕೊಂಡ್ರು. ನೀವ್ ಒಬ್ಬರೇ ಹೆದರ್ಲತ್ತೀರಿ."

ಗುರುಗಳಿಗೆ ಆಡಬಾರದ ಮಾತು ಅದು. ಆಡಿದವಳು ಕೇಳುಗಿತ್ತಿಯೋ ತಾಯಿಯೋ ಈಗಲೂ ಹೇಳಲಾರೆ. ಅಪ್ಪಗಳು ಗದ್ದುಗೆಯಿಂದ ಇಳಿದು ನೆಲದ ಮೇಲೆ, ಭಕ್ತರ ಸಾಲಿನಲ್ಲಿ ಕೂತರು. ಕೂತು, "ನೀವ್ ಏನಂತೀರಿ? ಹೇಳ್ರಿ" ಎಂದು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಕೀಲಿ ಬಂದಾಗಿನಿಂದ ಯಾರೂ ಕೇಳಿಲ್ಲದ ಪ್ರಶ್ನೆಗೆ ಉತ್ತರ ಥಟ್ಟನೆ ಎಲ್ಲಿಂದ ಬರಬೇಕು? ಅವರು ಇನ್ನೊಮ್ಮೆ ಕೇಳಿದರು. ದಾಸೋಹದ ಅಡಿಗೆ ಮಾಡುವ ಚನ್ನಬಸಮ್ಮ, ಹೋದ ಸಲ ಇಬ್ಬರು ಮಕ್ಕಳನ್ನು ಕಳೆದುಕೊಂಡವಳು, ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದಳು: "ಗವ್ಯಾಗ ಬ್ಯಾರೆ ಇಡ್ತಾರಂತಲ್ರಿ ಅಪ್ಪಾರ. ತೆರೀರಿ. ನನ್ ಮಕ್ಕಳು ಹೋದ್ವಂತ ಆಕಿ ಮಗಳು ಹೋಗ್ಬೇಕೇನು?"

ಅಪ್ಪಗಳು ಕೀಲಿಯನ್ನು ತಾವೇ ಹಿಡಿದು ಓಡಿದರು. ಸ್ವಾಮಿಗಳು ಓಡಿದ್ದನ್ನು ನಾವು ಅಂದೇ ನೋಡಿದ್ದು.

ಐದು ಕೀಲಿ ತಿರುಗಿದವು. ಬಾಗಿಲು ತೆರೆದಾಗ ಬಿಸಿಲು ಕರಿಗಲ್ಲಿನ ಮೇಲಿತ್ತು. ಹೊರಗೆ ಗೋಡೆಗೆ ಆತು ಎಂಟು ಜನ ಒಬ್ಬರ ಮೇಲೊಬ್ಬರು ಕುಕ್ಕರಿಸಿದ್ದರು. ಅವರ ಮೇಲೆ ತನ್ನ ಧೋತರವನ್ನು ಎರಡೂ ಕೈಯಿಂದ ಚಪ್ಪರದ ಹಾಗೆ ಹಿಡಿದು ನಿಂತಿದ್ದವನು ನನ್ನ ಅಳಿಯ ಧೂಳಪ್ಪ. ನಿಂತೇ ಇದ್ದ. ಇಮಾಮರು ಅವನ ಭುಜ ಮುಟ್ಟಿದರು. ಆಗ ಬಿದ್ದ, ಮತ್ತೆ ಏಳಲಿಲ್ಲ. ಕೂಸು ಬದುಕಿತ್ತು, ಪುತಳಾ ಬದುಕಿದ್ದಳು, ಉಳಿದವರೂ ಬದುಕಿದರು. ಯಾರಿಗೂ ಜ್ವರ ಇರಲಿಲ್ಲ, ಬರೀ ಬಿಸಿಲು. ಮೌಲಾನ್‌ಬಿ ಅವರನ್ನು ಗವಿಗೆ ಕರೆದೊಯ್ದಳು.

ಗವಿಯಿಂದ ಹೊರಬಂದ ದಿನ ಪುತಳಾ ಅಳಲಿಲ್ಲ. ನನ್ನ ಎದುರು ಕೂತು ಒಂದೇ ಮಾತು ಕೇಳಿದಳು: "ಯವ್ವಾ, ಎಲ್ಲಿ ತಡ ಆಯ್ತು?"

ನಾನು ಒಂದೊಂದೇ ಮನೆಯನ್ನು ಮನಸ್ಸಿನಲ್ಲಿ ಮತ್ತೆ ಹೊಕ್ಕು ನೋಡಿದೆ. ಹೂಳಿನಿಂದ ಎದ್ದು ಬಂದವರಲ್ಲಿ ತಡವಾಯಿತೆ? ಅವರು ಕೂಡದೆ ಅವರ ಮಾತು ಮಾತಾಗುವುದಿಲ್ಲ. ಅವ್ವನಲ್ಲಿ ತಡವಾಯಿತೆ? ಅವಳಿಗೆ ಹೊತ್ತು ಹೇಳಲು ನಾವು ಯಾರು? ಅಪ್ಪಗಳಲ್ಲಿ ಎನ್ನಲು ಬಾಯಿ ತೆರೆದೆ. ನೆಲದ ಮೇಲೆ ಕೂತ ಅವರ ಮುಖ ನೆನಪಾಗಿ ಮುಚ್ಚಿದೆ. ಕೊನೆಗೆ ಹೇಳಿದೆ: "ಯಾವ ಮನ್ಯಾಗೂ ಅಲ್ಲ ಮಗಳೇ. ಯಾವ ಮನಿ ಹ್ಯಾಂಗ ಹೂಂ ಅಂತದ ಅಂತ ಕೇಳದೇ, ಎಲ್ಲಾದಕ್ಕೂ ಒಂದೇ ನಮೂನಿ ಕೀಲಿ ಮಾಡಿಸಿದ್ವಲ್ಲ, ಅಲ್ಲಿ ತಡ ಆಯ್ತು." ಅವಳು "ಹಾಂಗಾದ್ರ ಆ ಕೀಲಿ ಮುರೀರಿ" ಎಂದಳು. ಮುಂದಿನ ಕೂಡಿನಲ್ಲಿ ಮೊದಲು ಎದ್ದವನು ಮುನಶಿ ವೈಜಿನಾಥನೇ. ಐದೂ ಕೀಲಿಗಳನ್ನು ಕಮ್ಮಾರನ ಕುಲುಮೆಗೆ ಹಾಕಿ ಬಂದ.

ಹಿರಿಯರೆ, ಇಷ್ಟು ದೂರದಿಂದ ಕೂಗುತ್ತಿರುವುದು ನನ್ನ ದುಃಖ ತೋಡಿಕೊಳ್ಳಲಿಕ್ಕಲ್ಲ. ಆ ಕೀಲಿಯ ಅಚ್ಚು ನಮ್ಮ ಮುನಶಿ ಹೊಸದಾಗಿ ಎರಕ ಹೊಯ್ದದ್ದಲ್ಲ ಎಂದು ನನ್ನ ಅನುಮಾನ. ಆಯಿಯ ಕಥೆಗಳಲ್ಲಿ ನಿಮ್ಮ ಕಾಲದ ಸಾಹೇಬರು ಬರುತ್ತಾರೆ. ಊರಲ್ಲಿ ಏನಾದರೂ ಹೊತ್ತಿಕೊಂಡರೆ ಅವರು ಜೀಪಿನಿಂದ ಇಳಿದು, ನಿಮ್ಮ ಮುಖಂಡನನ್ನು ಕರೆಯಿರಿ, ಅವರ ಮುಖಂಡನನ್ನು ಕರೆಯಿರಿ ಎನ್ನುತ್ತಾರೆ. ಯಾರೋ ಒಬ್ಬ ಶುಭ್ರ ಬಟ್ಟೆ ಹಾಕಿ ಮುಂದೆ ಬರುತ್ತಾನೆ, ಕೈ ಕುಲುಕುತ್ತಾನೆ, ಊರು ಮತ್ತೆ ಉರಿಯುತ್ತದೆ. ಅವನ ಹೂಂ ಅವನ ಮನೆಯ ಹೂಂ ಆಗಿತ್ತೇ ಎಂದು ಯಾರೂ ಕೇಳಿರುವುದಿಲ್ಲ. ಒಂದು ಮನೆಯಲ್ಲಿ ಮಾತು ಗದ್ದುಗೆಯ ಮೇಲಿರುತ್ತದೆ, ಒಂದರಲ್ಲಿ ಚಾಪೆಯ ಮೇಲೆ, ಒಂದರಲ್ಲಿ ಗ್ರಂಥದೊಳಗೆ. ಇನ್ನೊಂದರಲ್ಲಿ ಎಲ್ಲೋ ದೂರದ ಊರಲ್ಲಿ. ಮತ್ತೊಂದರಲ್ಲಿ ಹಿಟ್ಟು ನಾದುವ ಸೊಸೆಯ ಮೈಯಲ್ಲಿ ಅಡಗಿರುತ್ತದೆ, ಅವಳಿಗೇ ಗೊತ್ತಿರುವುದಿಲ್ಲ. ಯಾವುದು ಮೇಲು ಎಂದು ನಾನು ಹೇಳಲಾರೆ. ಎಲ್ಲದರಲ್ಲೂ ತಡವಿದೆ, ಎಲ್ಲದರಲ್ಲೂ ತಪ್ಪಿದೆ, ಎಲ್ಲದರಲ್ಲೂ ಒಂದು ಬಾಗಿಲು ತೆರೆಯುವ ದಾರಿಯೂ ಇದೆ. ಆ ದಾರಿಯನ್ನು ಬಾಗಿಲು ಬಡಿಯುವ ಮೊದಲೇ ಕೇಳಿ ತಿಳಿದುಕೊಳ್ಳಿ ಎಂಬುದಷ್ಟೇ ನನ್ನ ಬೇಡಿಕೆ.

ನಾವೀಗ ಪ್ರತಿ ಮುಚ್ಚುಗೆಯ ಮೊದಲು, ಬಾಗಿಲು ಇನ್ನೂ ತೆರೆದಿರುವಾಗಲೇ, ಒಂದು ದಿನ ಇಟ್ಟುಕೊಂಡಿದ್ದೇವೆ. ಅದಕ್ಕೆ ಹೂಂ ತೋರುವ ದಿನ ಎನ್ನುತ್ತೇವೆ. ಒಂದೊಂದು ಮನೆ ಉಳಿದ ಮನೆಯವರನ್ನು ಕರೆದು ಕೂರಿಸಿ, ತಾನು ಹೇಗೆ ಹೂಂ ಎನ್ನುತ್ತೇನೆ ಎಂದು ತೋರಿಸುತ್ತದೆ. ಹಿಂದಿನ ದಿನವೇ ಜಮಾತಿನವರು ಹೂಳಿಗೆ ಇಳಿಯುವುದನ್ನು ನಿಲ್ಲಿಸಿರುತ್ತಾರೆ. ಬಿಷಪ್ಪರು ಮುಚ್ಚುಗೆಯ ಅಪ್ಪಣೆಯನ್ನು ಮೊದಲೇ ಕಳಿಸಿರುತ್ತಾರೆ. ಸುಗಂಧಪ್ಪನನ್ನು ಅವರು ಇಳಿಸಲಿಲ್ಲ, ಬೈದರು ಅಷ್ಟೇ. ಅಪ್ಪಗಳು ಈಗಲೂ ಗದ್ದುಗೆಯ ಮೇಲೆಯೇ ಕೂರುತ್ತಾರೆ, ಆದರೆ ಆ ದಿನ ಮೊದಲ ಮಾತು ಚನ್ನಬಸಮ್ಮನದು. ಅವ್ವನ ಮನೆ ಮಾತ್ರ ಏನನ್ನೂ ತೋರಿಸುವುದಿಲ್ಲ. ಅವ್ವ ಬಂದಾಗ ಬರುತ್ತಾಳೆ, ಬರದಿದ್ದರೆ ತಡೆಯುವುದಿಲ್ಲ, ಉಳಿದ ನಾಲ್ಕರ ಹೂಂ ತನ್ನದೇ ಎಂದು ಒಮ್ಮೆ ಆ ಸೊಸೆಯ ಬಾಯಿಂದಲೇ ಹೇಳಿದ್ದಾಳೆ.

ನನ್ನ ಕಾಲು ಈಗ ಓಡುವುದಿಲ್ಲ. ಬಣ್ಣವಿಲ್ಲದ ವಸ್ತ್ರ ಪುತಳಾಳ ಹೆಗಲಿಗೆ ಹೋಗಿದೆ. ಈಗಿನದು ನಾನು ಹಾಕಿಕೊಳ್ಳುತ್ತಿದ್ದ ಹಳೆಯ ಬಟ್ಟೆಯಲ್ಲ, ಧೂಳಪ್ಪನ ಧೋತರ. ನಾನು ಇದನ್ನು ಬರೆಯುತ್ತಿರುವಾಗ ಅವಳು ಉಸಿರುಬಾವಿಯ ಕೆಳಗೆ ಕಿವಿ ಮೇಲೆ ಮಾಡಿ ನಿಂತಿದ್ದಾಳೆ. ಬಿಸಿಲು ಕರಿಗಲ್ಲಿಗೆ ಇನ್ನೂ ಎರಡು ಗೇಣು ದೂರವಿದೆ. ಅಷ್ಟರೊಳಗೆ ಯಾರಾದರೂ ಮೇಲಿನಿಂದ ಕೂಗಿದರೆ ಯಾವ ಮನೆಯಲ್ಲಿ ಯಾರನ್ನು ಹೇಗೆ ಕೇಳಬೇಕೆಂದು ನಮಗೆ ಗೊತ್ತಿದೆ.

ನಿಮ್ಮ ಊರಿನಲ್ಲಿ ನಿಮಗೆ ಗೊತ್ತಿದೆಯೆ?

ನಿಮ್ಮ ಹೂಂಗಾಗಿ ಕಾಯುತ್ತ,
ರಾಚವ್ವ